ಭೂಕಂಪ ಮತ್ತು ಗಂಗವ್ವನ ಪಾಳಿ

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸೋನ್ಯಾಳದ ಗಂಗವ್ವನ ಮೆಣಸಿನ ಗಿಡಕ್ಕೆ ಇವತ್ತು ನೀರು ಸಿಗುತ್ತಿತ್ತು. ಮಾಸ್ತರಿಕೆಗೆ ಸೇರಿ ಹದಿನೆಂಟು ವರ್ಷವಾಯಿತು. ಆ ಒಂದು ವಿದ್ಯೆ ಮಾತ್ರ ಬರಲಿಲ್ಲ.

ಆದದ್ದಿಷ್ಟು. ಅಸ್ಸಾಮಿನ ದೊಡ್ಡ ಭೂಕಂಪದ ಸುದ್ದಿಯನ್ನು ಪೇಪರಿನಲ್ಲಿ ನೋಡಿ, ಚಾವಡಿ ಕಟ್ಟೆಯ ಮೇಲೆ ಕೂತವರಿಗೆ ಓದಿ ಹೇಳಿದೆ. ಓದಿ ಸುಮ್ಮನಿರಬೇಕೋ ಬೇಡವೋ? ಸೈನ್ಸ್ ಸೇರಿಸಿದೆ.

"ಕೈ ಕೈ ಹಿಡಕೊಂಡು ಫುಗಡಿ ಆಡೂ ಹುಡಿಗೇರು ಹತ್ರ ಸರದ್ರ ಜೋರ ತಿರಗ್ತಾರಲ್ರಿ? ಹಂಗ ಭೂಕಂಪದಾಗ ಭೂಮಿ ಭಾರ ಒಳಗ ಸರದ್ರ, ಭೂಮೀನೂ ಚೂರು ಜೋರ ತಿರಗ್ತದ. ದಿವಸ ಚೂರು ಗಿಡ್ಡ ಆಗ್ತದ."

(ಆ 'ಚೂರು' ಯಾವ ಗಡಿಯಾರಕ್ಕೂ ಸಿಗದಷ್ಟು ಸಣ್ಣದು ಎಂದು ಹೇಳಲಿಲ್ಲ. ಹೇಳಿದರೆ ಕೇಳುವವರಿಗೆ ರುಚಿ ಇರುವುದಿಲ್ಲ.)

ಗಂಗವ್ವ ಕಟ್ಟೆಯ ಪಕ್ಕದಲ್ಲೇ ಹುಲ್ಲಿನ ಹೊರೆ ಇಳಿಸಿಕೊಂಡು ನಿಂತಿದ್ದಳು. ಮೂವರು ಅಣ್ಣತಮ್ಮಂದಿರಲ್ಲಿ ಕಿರಿಯವನ ಹೆಂಡತಿ, ಈಗ ವಿಧವೆ. ಬಾವಿ ಮೂವರಿಗೂ ಒಂದೇ. ಹೊತ್ತು ಹುಟ್ಟಿದಾಗ ಎತ್ತು ಕಟ್ಟಿ ಕಪಿಲೆ ಹೂಡಿದರೆ ದೊಡ್ಡವನಿಗೆ ಇಷ್ಟು ತೊಗಲಿನ ಚೀಲ ನೀರು, ನಡುವಿನವನಿಗೆ ಇಷ್ಟು ಚೀಲ ಎಂದು ಎಣಿಸಿ ಎತ್ತುತ್ತಾರೆ. ಕಿರಿಯವನ ಪಾಲಿಗೆ ಎಣಿಕೆ ಇಲ್ಲ, ಅಲ್ಲಿಂದ ಹೊತ್ತು ಮುಳುಗುವವರೆಗೆ ಎಷ್ಟಾದರೆ ಅಷ್ಟು. ಅಜ್ಜನ ಕಾಲದಿಂದ ಹೀಗೇ ಇದೆ.

ದೀಪಾವಳಿ ಕಳೆದ ಮೇಲೆ ಗಂಗವ್ವ ಚಾವಡಿಯಲ್ಲಿ ಗೌಡರ ಮುಂದೆ ಬಂದು ನಿಂತಳು. ಅವಳ ಭಾವಂದಿರಿಬ್ಬರೂ ಅಲ್ಲೇ ಕೂತಿದ್ದರು, ನಾನೂ ಇದ್ದೆ.

"ಗೌಡ್ರ, ಭೂಕಂಪ ಆದಾಗಿಂದ ನನ್ನ ಪಾಳಿ ಗಿಡ್ಡ ಆಗೇದ್ರಿ. ಬೇಕಾದ್ರ ಮಾಸ್ತರನ್ನ ಕೇಳ್ರಿ. ಕಡೀ ಮೂರು ಸಾಲ ಮೆಣಸಿನ ಗಿಡಕ್ಕ ನೀರು ಮುಟ್ಟವಲ್ದು."

ಗೌಡರು ಗಡ್ಡ ಕೆರೆದುಕೊಂಡರು. "ದೇವರ ಆಟ ಅದು. ಅಕಿದೇನು ತಪ್ಪು? ಇಬ್ಬರೂ ನಿಮ್ಮ ಪಾಳಿ ಒಳಗ ಹತ್ತತ್ತು ಚೀಲ ಅಕಿಗೆ ಬಿಡ್ರಿ."

ಭಾವಂದಿರಿಬ್ಬರೂ ತಲೆಯಾಡಿಸಿದರು. ಭೂಕಂಪದ ಮುಂದೆ ಯಾರ ಆಟ ನಡೆದೀತು? ನಾನು ಅಷ್ಟಕ್ಕೆ ಎದ್ದು ಮನೆಗೆ ಬರಬೇಕಿತ್ತು. ಆದರೆ ಗಂಟಲಲ್ಲಿ ಸತ್ಯ ಸಿಕ್ಕಿಕೊಂಡಿತ್ತು.

"ಗೌಡ್ರ, ಭೂಕಂಪದ್ದು ಕಣ್ಣು ಪಿಳುಕಿಸೂ ಅಷ್ಟೂ ಇಲ್ರಿ. ಚಳಿಗಾಲಕ್ಕ ಸೂರ್ಯ ದಕ್ಷಿಣಕ್ಕ ಸರದಾಗ ತಡಾ ಮಾಡಿ ಏಳ್ತಾನ, ಲಗೂನ ಮುಳುಗ್ತಾನ. ಭಾವಂದಿರ ಚೀಲದ ಎಣಿಕಿ ಹಂಗ ಇರ್ತದ, ಗಂಗವ್ವಗ ಪ್ರತಿ ವರ್ಷಾನೂ ನೀರು ಕಮ್ಮಿ ಬೀಳ್ತದ."

ವರ್ಷಾ ವರ್ಷಾ ಅನ್ಯಾಯವಾಗುತ್ತಿದೆ ಎಂದು ಗೊತ್ತಾದರೆ ಕಾಯಂ ಬಂದೋಬಸ್ತ್ ಮಾಡಿಯಾರು ಎಂದು ನಾನು ತಿಳಿದಿದ್ದೆ. (ನಗಬೇಡಿ. ನಿಜವಾಗಿಯೂ ಹಾಗೇ ತಿಳಿದಿದ್ದೆ.)

ಗೌಡರ ಮುಖ ತಿಳಿಯಾಯಿತು. "ಪ್ರತಿ ವರ್ಷ ಇರೂದಂದ್ರ ಅದು ರೂಢಿ ಆತಲ್ರಿ ಮಾಸ್ತರ? ಹಿರ್ಯಾರ ಮಾಡಿದ ರೂಢಿ ನಾವ್ಯಾಕ ಮುರಿಯೂಣು?"

ಭಾವಂದಿರು ಈ ಸಲ ಇನ್ನೂ ಜೋರಾಗಿ ತಲೆಯಾಡಿಸಿ, ಧೋತರ ಝಾಡಿಸಿಕೊಂಡು ಎದ್ದರು.

ಗಂಗವ್ವ ಅಳಲಿಲ್ಲ, ಬೈಯಲಿಲ್ಲ. ಹೋಗುವಾಗ ನನ್ನ ಹತ್ತಿರ ನಿಂತು ಮೆಲ್ಲಗೆ ಹೇಳಿದಳು. "ಇದನ್ನ ಹನ್ನೊಂದು ವರ್ಷ ನಾ ಹೇಳೀನ್ರಿ, ಯಾರೂ ಕೇಳಲಿಲ್ಲ. ಭೂಕಂಪದ ಹೆಸರ ಹೇಳಿದ್ರ ಕೇಳಿದ್ರು. ಅದನ್ನೂ ಕಸಗೊಂಡ್ರಿ."

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ನಾಲ್ಕು ದಿನದಿಂದ ಆ ಬಾವಿಯ ದಾರಿ ಬಿಟ್ಟು ಸುತ್ತು ಹಾಕಿ ಶಾಲೆಗೆ ಹೋಗುತ್ತಿದ್ದೇನೆ. ಪಾಠ ಹೇಳಲೂ ಬೇಸರ.

ದೊಡ್ಡದೊಂದು ಭೂಕಂಪಕ್ಕೆ ಇಡೀ ಭೂಮಿಯ ತಿರುಗಾಟವೇ ಚೂರು ಬದಲಾಗುತ್ತದೆ; ಸೋನ್ಯಾಳದ ಒಂದು ಬಾವಿಯ ಪಾಳಿ ಬದಲಾಗಲು ಇನ್ನೆಂಥದ್ದು ಆಗಬೇಕು?