ಹತ್ತರಲ್ಲಿ ಆರು

ಬೆಳಗಿನ ಆರೂಕಾಲು. ಕಾಲೇಜಿನ ದೊಡ್ಡ ಗೇಟು ಇನ್ನೂ ತೆರೆದಿಲ್ಲ. ಎದುರಿನ ಜೆರಾಕ್ಸ್ ಅಂಗಡಿಯ ಶಟರ್ ಮಾತ್ರ ಅರ್ಧ ಎದ್ದಿದೆ. ಒಳಗೆ ನಲವತ್ತು ದಾಟಿದ ಹೆಂಗಸೊಬ್ಬರು ಮೆಷಿನ್ನಿನ ಗಾಜನ್ನು ಹಳೆಯ ಬನಿಯನ್ ಬಟ್ಟೆಯಲ್ಲಿ ಒರೆಸುತ್ತಿದ್ದಾರೆ. ಗಾಜಿನ ಮೇಲೆ ಒಂದು ಚುಕ್ಕೆ ಉಳಿದರೂ ಅದು ಯಾರದೋ ಅಂಕಪಟ್ಟಿಯ ಮೇಲೆ ಪಾಯಿಂಟ್ ಆಗಿ ಕೂತೀತು ಅನ್ನುವ ಭಯ ಅವರಿಗೆ. ಒಮ್ಮೆ ಹಾಗೆ ಕೂತದ್ದೂ ಉಂಟು. ತೊಂಬತ್ತೆರಡು ತೆಗೆದಿದ್ದವನು ಒಂಬತ್ತು ಪಾಯಿಂಟ್ ಎರಡಾಗಿ ಕಚೇರಿಯ ಕಿಟಕಿಯವರೆಗೆ ಹೋಗಿ, ಚೆನ್ನಾಗಿ ಉಗಿಸಿಕೊಂಡು ವಾಪಸು ಬಂದಿದ್ದ.

ಈ ಬೀದಿಗೆಲ್ಲ ಇವರು ಅಂದಾಜಕ್ಕ. ಹೆಸರಿಟ್ಟವರು ವಿದ್ಯಾರ್ಥಿಗಳು. ಎದುರಿನ ಕಾಲೇಜಿನಲ್ಲಿ ಸೀಟು ಸಿಗುವುದೆಂದರೆ ಹುಡುಗಾಟವಲ್ಲ. ಗಣಿತ ವಿಭಾಗದ ಅರವತ್ತು ಸೀಟಿಗೆ ಎರಡು ಸಾವಿರ ಅರ್ಜಿ ಬೀಳುತ್ತವೆ. ಅಂಕಪಟ್ಟಿಯ ಪ್ರತಿ ತೆಗೆಸಲು ಬಂದವರು ಚಿಲ್ಲರೆಗೆ ಕೈಚಾಚುತ್ತಲೇ ಕೇಳುವ ಪ್ರಶ್ನೆ ಒಂದೇ: "ಅಕ್ಕಾ, ನನಗೆ ಸಿಗಬಹುದಾ?" ಅಕ್ಕ ಅಂಕ ನೋಡುತ್ತಾರೆ, ಮೇಜಿನ ಡ್ರಾಯರಿನಿಂದ ಉದ್ದನೆಯ ನೋಟುಪುಸ್ತಕ ತೆಗೆಯುತ್ತಾರೆ, ಬೆರಳು ಓಡಿಸುತ್ತಾರೆ. ಆಮೇಲೆ "ಹತ್ತರಲ್ಲಿ ಮೂರು" ಅಥವಾ "ಹತ್ತರಲ್ಲಿ ಎಂಟು" ಅನ್ನುತ್ತಾರೆ. ಅಷ್ಟೇ. ಪ್ರತಿಗೆ ಮಾತ್ರ ದುಡ್ಡು, ಅಂದಾಜು ಬಿಟ್ಟಿ.

ನೋಟುಪುಸ್ತಕದಲ್ಲಿ ಹದಿನೇಳು ವರ್ಷಗಳ ಲೆಕ್ಕವಿದೆ. ಪ್ರತಿ ವರ್ಷ ಯಾವ ಅಂಕಕ್ಕೆ ಪಟ್ಟಿ ನಿಂತಿತು, ವೇಟಿಂಗ್ ಲಿಸ್ಟ್ ಎಷ್ಟನೆಯವರವರೆಗೆ ಇಳಿಯಿತು, ಎಲ್ಲ. ಕಾಲೇಜಿನವರು ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಮೂರು ದಿನಕ್ಕೆ ಕಿತ್ತು ಹಾಕುತ್ತಾರೆ. ಕೀಳುವ ಮುಂಚೆ ಅಕ್ಕ ರಸ್ತೆ ದಾಟಿ ಹೋಗಿ ಬರೆದುಕೊಂಡು ಬರುತ್ತಾರೆ. "ಅವರಿಗೆ ಅದು ಹಳೇ ಕಾಗದ. ಮುಂದಿನ ವರ್ಷ ಬರೋ ಮಕ್ಕಳಿಗೆ ಅದೇ ಅಲ್ವಾ ದಾರಿ?" ಎನ್ನುತ್ತಾರೆ.

ಅವರ ನಿಜವಾದ ಕಸುಬುಗಾರಿಕೆ ಇರುವುದು ಗೀಟುಗಳಲ್ಲಿ. ಸೀಟು ಸಿಕ್ಕವರಲ್ಲಿ ಕೆಲವರು ಬೇರೆ ಕಡೆ ಹೋಗಲು ಸೀಟು ಬಿಡುತ್ತಾರೆ. ಬಿಡುವಾಗ ಒಂದು ಪತ್ರ ಬರೆದು, ಅದರ ಎರಡು ಪ್ರತಿ ಜೊತೆಗಿಟ್ಟು ಕೊಡಬೇಕು. ಹತ್ತಿರದಲ್ಲಿ ಇರುವುದು ಇದೊಂದೇ ಜೆರಾಕ್ಸ್ ಅಂಗಡಿ. ಅಂಥ ಪತ್ರ ಗಾಜಿನ ಮೇಲೆ ಬಿದ್ದಾಗಲೆಲ್ಲ ಅಕ್ಕ ನೋಟುಪುಸ್ತಕದಲ್ಲಿ ಒಂದು ಗೀಟು ಎಳೆಯುತ್ತಾರೆ. ಯಾರು, ಏಕೆ ಎಂದು ಬರೆಯುವುದಿಲ್ಲ. ಒಂದು ಗೀಟೆಂದರೆ ವೇಟಿಂಗ್ ಲಿಸ್ಟಿನ ಒಬ್ಬರಿಗೆ ಜಾಗ. ಕಚೇರಿ ಸಂಜೆ ಆರಕ್ಕೆ ಹೇಳುವುದು ಅಕ್ಕನಿಗೆ ನಾಲ್ಕಕ್ಕೇ ಗೊತ್ತಿರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಅವರ ಬಾಯಲ್ಲಿ ಎರಡು ಮಾತು ಬರುವುದಿಲ್ಲ. "ಸಿಗುತ್ತೆ" ಅನ್ನುವುದಿಲ್ಲ, "ಸಿಗಲ್ಲ" ಅನ್ನುವುದಂತೂ ಇಲ್ಲವೇ ಇಲ್ಲ. ಅಂಗಡಿಯ ಯಜಮಾನರು ಅವರ ಚಿಕ್ಕಪ್ಪ. ಅವರಿಗೆ ಇದೊಂದು ತಮಾಷೆ. "ಟೀ ಇದೆಯೇನಮ್ಮಾ ಅಂತ ಫ್ಲಾಸ್ಕ್ ತೋರಿಸಿದರೂ ‘ಹತ್ತರಲ್ಲಿ ನಾಲ್ಕು’ ಅಂತಾಳೆ ಮಾರಾಯರೇ. ಅಡ್ಡಗೋಡೆ ಮೇಲೆ ದೀಪ ಇಡೋದು ಅಂದ್ರೆ ಇದೇ!" ಎಂದು ಗಿರಾಕಿಗಳೆದುರು ನಗುತ್ತಾರೆ. ಅಕ್ಕನೂ ನಗುತ್ತಾರೆ. ಕಾರಣ ಹೇಳುವಾಗ ಮಾತ್ರ ನಗುವುದಿಲ್ಲ.

ಅಕ್ಕ ಇಲ್ಲಿಗೆ ಸೇರಿದ ಮೂರನೆಯ ವರ್ಷದ ಮಾತು. ಒಬ್ಬ ಹುಡುಗಿ ಅರ್ಜಿ ಹಿಡಿದು ಬಂದು ಕೇಳಿದಳು. ಆಗ ಅಕ್ಕನಿಗೆ ಎರಡೇ ವರ್ಷದ ಅಂಕಿ ಗೊತ್ತು, ಗತ್ತು ಮಾತ್ರ ಇಪ್ಪತ್ತು ವರ್ಷದ್ದು. "ಸಿಗಲ್ಲಮ್ಮ, ಸುಮ್ಮನೆ ಯಾಕೆ ಓಡಾಟ" ಅಂದುಬಿಟ್ಟರು. ಹುಡುಗಿ ಅರ್ಜಿಯನ್ನು ಚೀಲದೊಳಗಿಟ್ಟುಕೊಂಡು ಹೋದಳು. ಆ ವರ್ಷ ಕಾಲೇಜು ಇಪ್ಪತ್ತು ಸೀಟು ಹೆಚ್ಚಿಸಿತು. ಪಟ್ಟಿ ನಿಂತದ್ದು ಅವಳ ಅಂಕಕ್ಕಿಂತ ಒಂದು ಕೆಳಗೆ. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ. ಆ ಮಗು ಎಲ್ಲಿದೆಯೋ ಇವತ್ತಿಗೂ ಗೊತ್ತಿಲ್ಲ. ಅವತ್ತಿಂದ ಅಂಕಿ ನನ್ನದು, ತೀರ್ಮಾನ ಅವರದು," ಎನ್ನುತ್ತಾರೆ.

ಇವತ್ತು ಸೀಟು ಬಿಡಲು ಕೊನೆಯ ದಿನ. ಪತ್ರ ಕೊಡಲು ನಾಲ್ಕು ಗಂಟೆಯವರೆಗೆ ಅವಕಾಶ, ಆರಕ್ಕೆ ಕೊನೆಯ ಪಟ್ಟಿ. ಎಂಟು ಗಂಟೆಗೆಲ್ಲ ಅಂಗಡಿಯ ಮುಂದೆ ಸಾಲು. ಇಂಥ ದಿನ ಸಾವಿರದ ಇನ್ನೂರು ಪ್ರತಿ ಹೊರಬೀಳುತ್ತವೆ, ಎರಡು ಸಲ ಕಾಗದ ಸಿಕ್ಕಿಕೊಳ್ಳುತ್ತದೆ, ಒಬ್ಬರಾದರೂ ಅಳುತ್ತಾರೆ. ಅಕ್ಕ ಗಿರಾಕಿಗಳನ್ನು ಅಂಕದಿಂದಲೇ ಗುರುತಿಸುತ್ತಾರೆ. "ಏ ಎಂಬತ್ತೊಂಬತ್ತು, ನಿನ್ನ ಫೋಟೋ ಇಲ್ಲೇ ಬಿಟ್ಟೆ ನೋಡು!" ಎಂದು ಕೂಗಿದರೆ ರಸ್ತೆಯಾಚೆಯಿಂದ ಸರಿಯಾದ ತಲೆಯೇ ತಿರುಗುತ್ತದೆ.

ಒಂಬತ್ತಕ್ಕೆ ಬಂದವಳು ತೊಂಬತ್ತೊಂದು ಪಾಯಿಂಟ್ ನಾಲ್ಕು. ಜೊತೆಗೆ ತಾಯಿ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವಾಕೆ, ಅರ್ಧ ದಿನದ ರಜೆ ಕೇಳಿಕೊಂಡು ಬಂದಿದ್ದಾರೆ. ಹುಡುಗಿ ಗಣಿತದ ವೇಟಿಂಗ್ ಲಿಸ್ಟಿನಲ್ಲಿ ಹನ್ನೆರಡನೆಯವಳು. ಊರಿನ ಇನ್ನೊಂದು ತುದಿಯ ಸಣ್ಣ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿದೆ. ಆದರೆ ಅಲ್ಲಿ ಒರಿಜಿನಲ್ ಅಂಕಪಟ್ಟಿ ಒಪ್ಪಿಸಲು ಇವತ್ತು ಐದು ಗಂಟೆಯೇ ಗಡುವು. ಬಸ್ಸಿನಲ್ಲಿ ನಲವತ್ತು ನಿಮಿಷ. ಕೊಟ್ಟರೆ ಈ ವರ್ಷ ಇಲ್ಲಿಗೆ ಬರುವಂತಿಲ್ಲ. ಕೊಡದೆ ಇಲ್ಲಿ ಆರರವರೆಗೆ ಕಾದು, ಇಲ್ಲೂ ತಪ್ಪಿದರೆ ಒಂದು ವರ್ಷ ಮನೆಯಲ್ಲಿ.

"ಏನ್ಮಾಡಲಿ ಅಕ್ಕಾ?"

"ಅದನ್ನ ನಾನು ಹೇಳಲ್ಲ. ಕಳೆದ ಹತ್ತು ವರ್ಷದಲ್ಲಿ ಆರು ವರ್ಷ ಹನ್ನೆರಡರ ತನಕ ಇಳಿದಿದೆ. ಹತ್ತರಲ್ಲಿ ಆರು. ನಿನ್ನೆಯವರೆಗೆ ಗಣಿತಕ್ಕೆ ಎಂಟು ಗೀಟು. ಆ ಬೆಂಚಿನ ಮೇಲೆ ಕೂತಿರಿ. ನಾಲ್ಕಕ್ಕೆ ಇನ್ನೊಂದು ಸಲ ಹೇಳ್ತೀನಿ."

ಅವರು ಕೂರುತ್ತಾರೆ. ಹುಡುಗಿಯ ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು, ಕಣ್ಣು ಅಕ್ಕನ ಪೆನ್ನಿನ ಮೇಲೆ. ಹನ್ನೊಂದಕ್ಕೆ ಒಂಬತ್ತನೆಯ ಗೀಟು. ಒಂದೂವರೆಗೆ ಹತ್ತು. ಎರಡೂಮುಕ್ಕಾಲಿಗೆ ಹನ್ನೊಂದು. ರಜೆ ಮುಗಿದರೂ ತಾಯಿ ಎದ್ದಿಲ್ಲ, ಮಗಳ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಾರೆ. "ಒಂದೇ ಒಂದು ಬೇಕಲ್ಲ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಮೂರೂಕಾಲಿಗೆ ಕನ್ನಡಕದ ಹುಡುಗಿಯೊಬ್ಬಳನ್ನು ಕರೆದುಕೊಂಡು ಅವಳ ಅಪ್ಪ ಬರುತ್ತಾರೆ. ಕೈಯಲ್ಲಿ ಗಣಿತದ ಸೀಟು ಬಿಡುವ ಪತ್ರ. "ಎರಡು ಕಾಪಿ ಬೇಗ." ಬೆಂಚಿನ ಮೇಲಿನ ಇಬ್ಬರೂ ಎದ್ದೇ ನಿಲ್ಲುತ್ತಾರೆ.

ಅಕ್ಕ ಮೆಷಿನ್ನಿನ ಮುಚ್ಚಳ ಎತ್ತುತ್ತಾರೆ. ಅಷ್ಟರಲ್ಲಿ ಕನ್ನಡಕದ ಹುಡುಗಿ ಮೆಲ್ಲಗೆ ಕೇಳುತ್ತಾಳೆ. "ಅಕ್ಕಾ, ನೀವೇ ಅಲ್ವಾ ಅಂದಾಜಕ್ಕ? ನಾನು ಈ ಸೀಟು ಬಿಟ್ಟರೆ ತಪ್ಪಾಗುತ್ತಾ?"

ಮುಚ್ಚಳ ಎತ್ತಿದ ಕೈ ಹಾಗೇ ನಿಲ್ಲುತ್ತದೆ. ಅಕ್ಕನ ಕಣ್ಣು ಒಮ್ಮೆ ಬೆಂಚಿನ ಕಡೆ ಹೋಗಿ ಬರುತ್ತದೆ.

"ಹೋಗೋ ಕಡೆ ಗಣಿತ ಕೊಟ್ಟಿದ್ದಾರಾ?"

"ಇಲ್ಲ, ಬೇರೆ ವಿಷಯ. ಎರಡನೇ ವರ್ಷಕ್ಕೆ ಬದಲಾಯಿಸಿಕೊಡ್ತಾರಂತೆ."

"ಅದರ ಅಂಕಿ ನನ್ನ ಹತ್ತಿರ ಇದೆಯಪ್ಪ," ಎಂದು ಅಕ್ಕ ಅಪ್ಪನ ಕಡೆ ತಿರುಗುತ್ತಾರೆ. "ಹಾಗೆ ನಂಬಿ ಇಲ್ಲಿಂದ ಬಿಟ್ಟು ಹೋಗಿ, ಆಮೇಲೆ ಬಂದು ನನ್ನ ಹತ್ತಿರ ಹೇಳಿಕೊಂಡವರು ಹತ್ತು ಜನ. ವಿಷಯ ಬದಲಾದದ್ದು ಒಬ್ಬರಿಗೆ. ಹತ್ತರಲ್ಲಿ ಒಂದು. ಕಾಪಿ ಬೇಕಂದ್ರೆ ಈಗಲೇ ತೆಗೆದುಕೊಡ್ತೀನಿ."

ಅಪ್ಪ ಮಗಳ ಮುಖ ನೋಡುತ್ತಾರೆ. ಮಗಳು ಪತ್ರ ನೋಡುತ್ತಾಳೆ. ಕೊನೆಗೆ ಅವರು ಪತ್ರವನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, "ಉಪಕಾರವಾಯ್ತಮ್ಮ" ಎಂದು ಹೊರಟುಹೋಗುತ್ತಾರೆ. ಗೀಟು ಹನ್ನೊಂದಕ್ಕೇ ನಿಲ್ಲುತ್ತದೆ.

ಲಾಂಡ್ರಿಯ ತಾಯಿಗೆ ತಡೆಯಲಾಗುವುದಿಲ್ಲ. "ನೀವು ಸುಮ್ಮನಿದ್ದಿದ್ರೆ ಸಾಕಿತ್ತಲ್ಲಮ್ಮಾ! ಕೈಗೆ ಬಂದ ತುತ್ತು..."

"ಹೌದಮ್ಮ," ಎನ್ನುತ್ತಾರೆ ಅಕ್ಕ. "ಸುಮ್ಮನಿದ್ದಿದ್ರೆ ಸಾಕಿತ್ತು."

ನಾಲ್ಕಕ್ಕೆ ಐದು ನಿಮಿಷ ಇರುವಾಗ ಅಕ್ಕ ರಸ್ತೆಯ ಎರಡೂ ಕಡೆ ನೋಡುತ್ತಾರೆ. ಕಾಗದ ಹಿಡಿದು ಓಡಿ ಬರುವವರು ಯಾರೂ ಇಲ್ಲ. ಹುಡುಗಿಯ ಎದುರು ನಿಂತು ಹೇಳುತ್ತಾರೆ. "ಈಗ ಹತ್ತರಲ್ಲಿ ಒಂದು. ಅದೂ ಯಾರಾದ್ರೂ ಬೇರೆ ಕಡೆ ಕಾಪಿ ತೆಗೆಸಿದ್ರೆ. ನಾಲ್ಕು ಗಂಟೆ ಐದು ನಿಮಿಷಕ್ಕೆ ಬಸ್ಸಿದೆ."

ಹುಡುಗಿ ಫೈಲನ್ನು ಎದೆಗವಚಿಕೊಂಡು ತಾಯಿಯ ಕೈ ಹಿಡಿದು ನಿಲ್ದಾಣದ ಕಡೆ ಓಡುತ್ತಾಳೆ. ಹೋಗಿ ಬರುತ್ತೇನೆ ಅನ್ನುವುದಿಲ್ಲ.

ಅಕ್ಕ ಮತ್ತೆ ಗಾಜು ಒರೆಸುತ್ತಾರೆ, ಒರೆಸಿದ್ದನ್ನೇ ಒರೆಸುತ್ತಾರೆ. ಸಂಕಟವಾಗಲಿಲ್ಲವೇ ಎಂದು ಕೇಳಿದರೆ ಮುಚ್ಚುಮರೆ ಮಾಡುವುದಿಲ್ಲ. "ಆಯ್ತು. ಬೆಳಗ್ಗಿಂದ ಕಣ್ಣೆದುರಿಗೇ ಕೂತಿದ್ಲಲ್ಲ. ಆದರೆ ಆರು ಅಂದವಳೂ ನಾನೇ. ಉಳಿದ ನಾಲ್ಕನ್ನ ಯಾರ ತಲೆಗೆ ಕಟ್ಟಲಿ?" ಚಿಕ್ಕಪ್ಪ ಇವತ್ತು ತಮಾಷೆ ಮಾಡದೆ ಫ್ಲಾಸ್ಕಿನಲ್ಲಿ ಉಳಿದಿದ್ದ ಟೀಯನ್ನು ಅವರ ಮುಂದಿಡುತ್ತಾರೆ.

ಅವರಿಗೊಂದು ಆಸೆಯಿದೆ. ಕಾಲೇಜಿನವರೇ ಈ ಅಂಕಿಗಳನ್ನು ಅಚ್ಚು ಮಾಡಿ ಗೇಟಿಗೆ ಹಾಕಬೇಕು, ಮಳೆಗಾಳಿಗೆ ಹೋಗದ ಹಾಗೆ, ವರ್ಷಪೂರ್ತಿ. ಎರಡು ಸಲ ಅರ್ಜಿ ಬರೆದು ಕೊಟ್ಟಿದ್ದಾರೆ. ಸಿಗಬಹುದಾ ಉತ್ತರ? "ಹತ್ತರಲ್ಲಿ ಎರಡು," ಎಂದು ಟೀ ಹೀರುತ್ತಾರೆ.

ಆರಕ್ಕೆ ಪಟ್ಟಿ ಬೀಳುತ್ತದೆ. ಅಕ್ಕ ರಸ್ತೆ ದಾಟಿ ಹೋಗಿ ನೋಡಿಕೊಂಡು ಬಂದು ಬರೆಯುತ್ತಾರೆ: ಗಣಿತ, ವೇಟಿಂಗ್, ಹನ್ನೊಂದರವರೆಗೆ. ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಅಂಗಡಿಯ ಫೋನು ಬಡಿದುಕೊಳ್ಳುತ್ತದೆ.

"ಅಕ್ಕಾ, ನಾನು, ತೊಂಬತ್ತೊಂದು ಪಾಯಿಂಟ್ ನಾಲ್ಕು. ಕೊಟ್ಟಾಯ್ತು. ಐದಕ್ಕೆ ಎಂಟು ನಿಮಿಷ ಇತ್ತು. ಅಲ್ಲಿ ಎಷ್ಟಕ್ಕೆ ನಿಂತಿತು?"

"ಹನ್ನೊಂದಕ್ಕೆ."

ಆ ಕಡೆ ಮೂಗು ಎಳೆದುಕೊಂಡ ಸದ್ದು.

"ಇಲ್ಲಿ ಗಣಿತದಲ್ಲಿ ಕೊನೆಯ ಸೀಟು ನಂದೇ ಅಂತೆ ಅಕ್ಕಾ. ಬರ್ಕೊಳ್ಳಿ. ಮುಂದಿನ ವರ್ಷ ಯಾರಾದ್ರೂ ಕೇಳಿದ್ರೆ ಹೇಳೋಕೆ ಬೇಕಲ್ವಾ?"

ಹದಿನೇಳು ವರ್ಷದಲ್ಲಿ ಆ ಸಣ್ಣ ಕಾಲೇಜಿನ ಅಂಕಿಯನ್ನು ಅಕ್ಕ ಒಮ್ಮೆಯೂ ಬರೆದವರಲ್ಲ. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿ ಹಿಡಿದು ಖಾಲಿ ಹಾಳೆ ತೆರೆಯುತ್ತಾರೆ, ಮೇಲೆ ಆ ಕಾಲೇಜಿನ ಹೆಸರು ಬರೆದು ಅಡಿಗೆರೆ ಎಳೆಯುತ್ತಾರೆ.

"ಹೇಳಮ್ಮ," ಎನ್ನುತ್ತಾರೆ. "ನಿಧಾನಕ್ಕೆ ಹೇಳು. ಪಾಯಿಂಟ್ ಸಮೇತ."