ಪಾಳಿಯಲ್ಲಿ ಇರದ ಪೊಟ್ಟಣ

ನೀಲವ್ವಾ, ನಾನು ನಿಮಗೆ ಸುಳ್ಳು ಹೇಳಿದೆ. ಒಂದು ಸಲವಲ್ಲ, ಒಂದು ವರ್ಷವಿಡೀ — ನೀವು ನಾಶಿಕದಿಂದ ಬಸ್ಸು ಹತ್ತಿ, ಸಂಭಾಜಿನಗರದಲ್ಲಿ ನಾನು ಗುಮಾಸ್ತನಾಗಿರುವ ಅಪರಾಧ ಪ್ರಯೋಗಾಲಯದ ಕಿಟಕಿಗೆ ಬಂದು ನಿಂತಾಗಲೆಲ್ಲ. "ಡಿಎನ್‌ಎ ಕೆಲಸ ಭಾಳ ಬಾಕಿ ಅದರಿ, ನಿಮ್ಮ ಪಾಳಿ ಬಂದಿಲ್ಲ" ಅಂದೆ. ಬಾಕಿ ಇದ್ದದ್ದು ನಿಜ. ಆದರೆ ನಿಮ್ಮ ಪೊಟ್ಟಣ ಪಾಳಿಯಲ್ಲಿ ಇರಲೇ ಇಲ್ಲ.

ನಿಫಾಡಿನ ಬಾವಿಯಲ್ಲಿ ಸಿಕ್ಕ ಎಲುಬು ಕಾಣೆಯಾದ ನಿಮ್ಮ ಮಗ ಪರಸಪ್ಪನದೋ ಅಲ್ಲವೋ ತಿಳಿಯಲೆಂದು, ಆ ಎಲುಬನ್ನೂ ನಿಮ್ಮ ರಕ್ತವನ್ನೂ ಹವಾಲ್ದಾರನೊಬ್ಬ ತಂದಿದ್ದ. ಪೊಟ್ಟಣದ ಅರಗಿನ ಮುದ್ರೆಯನ್ನು ತಾಳೆ ನೋಡಲು ಠಾಣೆಯ ಪತ್ರದಲ್ಲಿ ಇರಬೇಕಾದ ಮುದ್ರೆಯ ನಮೂನೆ ಇರಲಿಲ್ಲ. ಹಾಗಿದ್ದರೆ ವಾಪಸ್ಸು ಕಳಿಸಬೇಕು. ಪಾಪ, ದೂರದಿಂದ ಬಂದಿದ್ದಾನೆ ಅನಿಸಿತು — ಸೋಮವಾರ ಸರಿಯಾದ ಪತ್ರ ತಾ ಎಂದು, ರಿಜಿಸ್ಟರಿಗೆ ಹತ್ತಿಸದೆ ಫ್ರಿಜ್ಜಿನ ಹಿಂದಿನ ಸಾಲಿನಲ್ಲಿಟ್ಟೆ. ಅವನಿಗೆ ವರ್ಗವಾಯಿತು. ನಾನು ಮರೆತೆ. ದಿನಾ ಬರುವ ಅಷ್ಟೊಂದು ಪೊಟ್ಟಣಗಳ ನಡುವೆ — ಬೇಡ, ಅದನ್ನು ಹೇಳಬಾರದು.

ಆರು ತಿಂಗಳಿಗೆ ಕಣ್ಣಿಗೆ ಬಿತ್ತು. ಸಾಹೇಬರಿಗೆ ಹೇಳಿದರೆ ನೌಕರಿ ಹೋದೀತು ಅನಿಸಿ ಫ್ರಿಜ್ಜಿನ ಬಾಗಿಲು ಹಾಕಿದೆ. ಹಾಗೇ ಇನ್ನೊಂದು ವರ್ಷ.

ಪೊಲೀಸರ ಮರಾಠಿ ನಿಮಗೆ ಅರ್ಧ ತಿಳಿಯುತ್ತಿರಲಿಲ್ಲ. ಕನ್ನಡದವನೆಂದು ನನ್ನನ್ನು ನಂಬಿದಿರಿ. ನಿಮ್ಮ ಜೊತೆ ಕಟ್ಟಡದ ಕೆಲಸಕ್ಕೆ ಬಂದವರೆಲ್ಲ ನಿಮ್ಮೂರು ಇಂಡಿಗೆ ಮರಳಿದರು. ನೀವು ಮಾತ್ರ ನಾಶಿಕದ ಆ ತಗಡಿನ ಶೆಡ್ಡು ಬಿಡಲಿಲ್ಲ. "ರಿಪೋರ್ಟ್ ಬಂದಿಲ್ಲಂದ್ರ ಜೀವಂತ ಅದಾನ ಅಂತ ಅಲ್ಲೇನು ತಮ್ಮಾ? ಹುಡಕೊಂಡು ಬಂದ್ರ ನಾ ಅಲ್ಲೇ ಇರಬೇಕಲ್ಲ?" ಎಂದು ಕೇಳಿದಿರಿ. ನಾನು ಹೌದೆಂದು ತಲೆ ಆಡಿಸಿದೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ನೀವು ಹಾಗೆ ಕೇಳಿದ ಮರುವಾರ ಠಾಣೆಯಿಂದ ಹೊಸ ಪತ್ರ ತರಿಸಿದೆ. ಪೊಟ್ಟಣ ಅಂದೇ ಬಂತೆಂಬಂತೆ ಅಂದಿನ ತಾರೀಖು ಹಾಕಿ ಹತ್ತಿಸಿದೆ. ನಿಮ್ಮ ಪಾಳಿ ನಿಜಕ್ಕೂ ಶುರುವಾದದ್ದು ಆವತ್ತು. ಮತ್ತೂ ಒಂದು ವರ್ಷ ಕಾದಿರಿ. ಎಲುಬು ಪರಸಪ್ಪನದೇ ಆಗಿತ್ತು.

ಆ ಎಲುಬನ್ನು ಊರಿಗೆ ಒಯ್ಯುವ ಮುನ್ನ ನೀವು ನನ್ನನ್ನು ಕಾಣಲು ಬಂದಿರಿ. ಕೈ ಹಿಡಿದು, "ನೀ ಇದ್ದಿದ್ದಕ್ಕ ಇಷ್ಟರೆ ಆತು" ಅಂದಿರಿ. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ದಣಿದಿದ್ದೇನೆ, ನೀಲವ್ವಾ. ಈ ಕಾಗದದ ಒಂದು ಪ್ರತಿ ಇವತ್ತು ಸಾಹೇಬರಿಗೆ ಕೊಟ್ಟೆ. ನಿಮಗೆ ಓದಲು ಬರುವುದಿಲ್ಲ. ಬೇರೆಯವರ ಬಾಯಿಂದ ನೀವಿದನ್ನು ಕೇಳಬಾರದು. ಭಾನುವಾರ ಇಂಡಿಗೆ ಬಂದು ನಾನೇ ಓದುತ್ತೇನೆ. ನೀವು ಎದ್ದು ಹೋಗು ಅನ್ನುವವರೆಗೆ ನಿಮ್ಮ ಎದುರಿಗೇ ಕೂತಿರುತ್ತೇನೆ.