ಆಷಾಢದಲ್ಲೂ ಬೀಗರಿಗೆ ಬಿಡುವಿಲ್ಲ

ಇಲ್ಲಿ ಬರೆದದ್ದೆಲ್ಲ ಅಕ್ಷರಶಃ ಸತ್ಯ. ನಂಬಿಕೆ ಬರದಿದ್ದರೆ ಕಂಡಕ್ಟರ್ ಗಿರಿಯಪ್ಪನವರನ್ನು ಕೇಳಿ. ಅವರೂ ನನ್ನಷ್ಟೇ ಸತ್ಯವಂತರು. ಉಪ್ಪಿನಬೆಟಗೇರಿಯಲ್ಲಿ ಕಳೆದ ವರ್ಷ ಮನೆಗಳಿಗಿಂತ ಮದುವೆಗಳೇ ಹೆಚ್ಚು ನಡೆದಿವೆ.

ಎಲ್ಲವನ್ನೂ ಮಾಡಿಸಿದವರು ಸತ್ಯವ್ವ. ನಸುಕಿನಲ್ಲಿ ಇಳಕಲ್ ಸೀರೆ ಉಟ್ಟು, ಮದುವೆಯ ಉಡುಗೊರೆ ಒಯ್ಯುವ ಆಯೇರಿ ಚೀಲ ಹಿಡಿದು ಬಸ್ಸಿನ ಬಾಗಿಲಲ್ಲಿ ನಿಂತಿದ್ದಾರೆ. ಚೀಲದೊಳಗೆ ಆಯೇರಿಯಿಲ್ಲ, ಸ್ಕ್ಯಾನ್ ಚಿತ್ರಗಳಿವೆ, ವಾಂತಿ ಬಂದರೆ ಬೇಕಾಗುವ ಡಬ್ಬಿಯಿದೆ. ಕ್ಯಾನ್ಸರ್ ರೋಗಿಗಳನ್ನು ರಾಯಾಪುರದ ಆಚೆಯ ಆಸ್ಪತ್ರೆಗೆ ಕರೆದೊಯ್ದು, ಚೀಟಿ ಮಾಡಿಸಿ, ಡಾಕ್ಟರರ ಮಾತನ್ನು ಬಿಡಿಸಿ ಹೇಳಿ, ಮರಳಿ ಮನೆ ಮುಟ್ಟಿಸುವುದು ಅವರ ಕೆಲಸ. ಸಂಸ್ಥೆಯೊಂದು ಕೊಟ್ಟ ಹುದ್ದೆಯ ಹೆಸರು ‘ರೋಗಿ ಮಾರ್ಗದರ್ಶಿ’. ರೋಗದ ಹೆಸರು ಬಸ್ಸಿಗೆ ಗೊತ್ತಾದರೆ ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ. ಅದಕ್ಕೇ, ಎಲ್ಲಿಗೆ ಹೊರಟಿರಿ ಎಂದವರಿಗೆ ಹೇಳಲು ಈ ಮದುವೆಗಳು.

“ಒಮ್ಮಿ ಆಷಾಢದಾಗ ಸಿಕ್ಕೊಂಡ ಬಿದ್ನಿರಿ,” ಎಂದು ಪಕ್ಕದಲ್ಲಿ ನಿಂತ ನನಗೆ ಹೇಳುತ್ತಾರೆ. “ಯಾರ ಮದವಿಗ್ರಿ ಅಂದ್ರು ಗಿರಿಯಪ್ಪಣ್ಣಾರು. ಅಕ್ಕನ ಮಗಳದು ಅಂದ್ಬಿಟ್ಟೆ. ಆಷಾಢದಾಗ ಯಾರರ ಅಕ್ಕಿಕಾಳ ಹಾಕ್ತಾರೇನ್ರಿ? ಇಡೀ ಬಸ್ ತಿರುಗಿ ನನ್ನ ನೋಡ್ತು!”

ಗಿರಿಯಪ್ಪ ಮಾತ್ರ ಟಿಕೆಟ್ ಹರಿದುಕೊಟ್ಟು, “ಹಂಗಾದ್ರ ಬೀಗರು ಮುಂದ ಬಂದ ಕೂಡ್ರಿ, ಹಿಂದ ಭಾಳ ಕುಲಕತೈತಿ,” ಎಂದರಂತೆ. ಅಂದಿನಿಂದ ಅದು ಬೀಗರ ಸೀಟು. ಬಸ್ಸಿಗೆಲ್ಲ ಗೊತ್ತು, ಯಾರೂ ಕೇಳುವುದಿಲ್ಲ.

ಇವತ್ತು ಸೀಟಿದೆ, ಬೀಗರಿಲ್ಲ. ದುರ್ಗಾ (ಹೆಸರು ಬದಲಿಸಿದ್ದೇನೆ, ಉಳಿದದ್ದು ಸತ್ಯ) ಇನ್ನೂ ಬಂದಿಲ್ಲ. ಇಂದು ಅವಳ ಎರಡನೇ ಕೀಮೋ.

“ತರಬೇತ್ಯಾಗ ಹೇಳಿದ್ರು, ಕೂದಲಾ ಉದರೂ ಹೊತ್ತಿಗೆ ಮಂದಿ ತಪ್ಪಿಸ್ಕೋತಾರ, ಫೋನ್ ಸಾಲಂಗಿಲ್ಲ, ಮನಿಗೇ ಹೋಗ್ರಿ ಅಂತ. ನಿನ್ನಿ ಹೋಗಿದ್ನಿ. ಬರ್ತೇನಿ ಅಂದಾಳ.” ಸತ್ಯವ್ವನವರ ಕಣ್ಣು ಓಣಿ ಬಿಟ್ಟು ಕದಲುವುದಿಲ್ಲ.

ಸಂಸ್ಥೆಯ ಯೋಜನೆ ಈ ತಿಂಗಳಿಗೆ ಮುಗಿಯುತ್ತದೆ. ಮುಂದುವರಿಯುತ್ತದೆಂದು ಯಾರೂ ಹೇಳಿಲ್ಲ. ದುರ್ಗಾಳ ಚಿಕಿತ್ಸೆಯಂತೂ ಅಷ್ಟರೊಳಗೆ ಮುಗಿಯುವುದಿಲ್ಲ.

“ಮುಂದಿನ ತರಬೇತಿಗೂ ಹೆಸರ ಬರಸೇನ್ರಿ. ಕೆಲಸನ ಇರತೈತೋ ಇಲ್ಲೋ, ಕಲತ ಏನ ಮಾಡ್ತಿ ಅಂತ ಮಗಳು ನಗತಾಳ. ನನಗ ನಿದ್ದಿ ಹತ್ತವಲ್ದು. ನಡುವ ಕೈ ಬಿಟ್ಟರ ಇವರು ಮನ್ಯಾಗ ಕುಂತಬಿಡ್ತಾರ್ರಿ.”

“ಸತ್ಯವ್ವಕ್ಕಾ, ಬೀಗತಿ ಎಲ್ಲಿ? ಟೈಮ್ ಆತ ನೋಡವಾ!” ಗಿರಿಯಪ್ಪ ಕೂಗುತ್ತಾರೆ.

“ಎರಡ ನಿಮಿಷರಿ ಅಣ್ಣಾ!”

ಗಿರಿಯಪ್ಪ ಗೊಣಗುತ್ತ ಇಳಿದು, ಗಾಳಿ ಸರಿಯಾಗಿರುವ ಗಾಲಿಗಳನ್ನು ಒಂದೊಂದಾಗಿ ಒದ್ದು ಪರೀಕ್ಷಿಸತೊಡಗುತ್ತಾರೆ.

ಓಣಿಯ ತಿರುವಿನಲ್ಲಿ ತಲೆತುಂಬ ಸೆರಗು ಹೊದ್ದವಳೊಬ್ಬಳು ಕಾಣಿಸುತ್ತಾಳೆ. ತುಂಬಿದ ಬಸ್ಸು ನೋಡಿ ಅಲ್ಲೇ ನಿಲ್ಲುತ್ತಾಳೆ.

“ಸತ್ಯವ್ವನವರೇ, ಮುಂದಿನ ತಿಂಗಳು ಯೋಜನೆ ನಿಂತುಹೋದರೆ ಈ ಬೀಗರನ್ನೆಲ್ಲ ಯಾರು…”

ನನ್ನ ಪ್ರಶ್ನೆ ಮುಗಿಯುವ ಮೊದಲೇ ಆಯೇರಿ ಚೀಲ ನನ್ನ ಕೈಯಲ್ಲಿದೆ. ಸತ್ಯವ್ವ ಆಗಲೇ ಅರ್ಧ ಓಣಿ ದಾಟಿದ್ದಾರೆ.